ಶ್ವಾಸಕೋಶದ ತುಣುಕನ್ನು ಶೈತ್ಯದಲ್ಲಿ ಕಾಪಾಡುವ ವಿದ್ಯೆ

ಕಳೆದ ವರ್ಷದ ವಾರ್ಷಿಕೋತ್ಸವದ ಮರುದಿನ ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರು ಪರದೇಶದ ಒಂದು ಸಂಶೋಧನಾಲಯದಲ್ಲಿ ಉದ್ಯೋಗದಲ್ಲಿರುವರು. ಹತ್ತನೆಯ ತರಗತಿಯ ಹುಡುಗಿಯರಿಗೆ ತಮ್ಮ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ನಾವು ಅವರನ್ನು ಕೇಳಿಕೊಂಡೆವು. ಮನುಷ್ಯರ ಶ್ವಾಸಕೋಶವನ್ನು ತೆಳ್ಳಗೆ ಕೊಯ್ದು, ಆ ತುಣುಕುಗಳ ಜೀವ ಹೋಗದಂತೆ ಹೆಪ್ಪುಗಟ್ಟಿಸಿ, ತಿಂಗಳುಗಟ್ಟಲೆ ಕಾದಿರಿಸಿ, ಬೇಕಾದಾಗ ಕರಗಿಸಿ, ಅವುಗಳ ಮೇಲೆ ಔಷಧಗಳನ್ನು ಪರೀಕ್ಷಿಸುವುದೇ ತಮ್ಮ ಕೆಲಸವೆಂದು ಅವರು ಹೇಳಿದರು. ಹುಡುಗಿಯರು ಮೈಯೆಲ್ಲ ಕಿವಿಯಾಗಿ ಕೇಳಿದರು. ಆ ವಾರವೇ ಒಬ್ಬ ತಾಯಿಯವರು ನಮ್ಮ ಕಚೇರಿಗೆ ಬಂದು, "ಅಮ್ಮನವರೇ, ಸತ್ತವರ ದೇಹದ ಚೂರುಗಳನ್ನು ಹೀಗೆ ಮಂಜುಗಡ್ಡೆಯಲ್ಲಿ ಇಟ್ಟುಕೊಳ್ಳುವುದು ಸರಿಯೇ? ನಮ್ಮ ಹುಡುಗಿ ತಾನೂ ಅದನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಾಳೆ" ಎಂದು ಕೇಳಿದರು. ಆಗ ನಾವು ಕೊಟ್ಟ ಉತ್ತರವು ಅವಸರದ್ದಾಗಿತ್ತು. ಈ ಸಂಚಿಕೆಯಲ್ಲಿ ಅದನ್ನು ಸಾವಧಾನವಾಗಿ ಕೊಡಲು ಯತ್ನಿಸುವೆವು.

ಈ ವಿಷಯವು ನಮಗೆ ಪರಕೀಯವಾದುದಲ್ಲ. ನಮ್ಮಲ್ಲಿ ಬಹುಕಾಲ ಹೊಲಿಗೆಯ ಉಪಾಧ್ಯಾಯಿನಿಯಾಗಿದ್ದವರನ್ನು ಹಿರಿಯ ವಿದ್ಯಾರ್ಥಿನಿಯರು ಮರೆತಿರಲಾರರು. ಮಹಡಿಯ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತಿದ್ದ ಅವರು ನಿವೃತ್ತಿಯ ಹಿಂದಿನ ವರ್ಷ ಮೆಟ್ಟಿಲಿನ ನಡುವೆ ನಿಂತು ಉಸಿರು ತಿರುಗಿಸಿಕೊಳ್ಳತೊಡಗಿದರು. ಒಣಕೆಮ್ಮು ಬಿಡಲಿಲ್ಲ. ವಯಸ್ಸಾಯಿತೆಂದು ಅವರೂ ಭಾವಿಸಿದರು, ನಾವೂ ಭಾವಿಸಿದೆವು. ಕಡೆಗೆ ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶವು ನಾರುಗಟ್ಟುತ್ತಿದೆಯೆಂದು ವೈದ್ಯರು ತಿಳಿಸಿದರು. ಆಮೇಲೆ ಅವರು ಬದುಕಿದ್ದುದು ಮೂರು ವರ್ಷಗಳಿಗಿಂತ ಸ್ವಲ್ಪ ಹೆಚ್ಚು. ನಾವು ಕೊನೆಯ ಸಲ ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ನಳಿಕೆಯನ್ನು ಹಾಕಿಕೊಂಡು ಕಿಟಕಿಯ ಬಳಿ ಕುಳಿತಿದ್ದರು. ಮಾತಿನ ನಡುವೆ, "ನನ್ನ ಈ ರೋಗವನ್ನು ಯಾರಾದರೂ ಕಲಿಯುತ್ತಿದ್ದಾರೆಯೇ?" ಎಂದು ಕೇಳಿದರು. ನಮಗೆ ಉತ್ತರ ತಿಳಿದಿರಲಿಲ್ಲ. ಆದಕಾರಣ ಈ ಲೇಖನವು ಆ ತಾಯಿಯವರ ಪ್ರಶ್ನೆಯೊಂದಿಗೆ ನಮ್ಮ ಉಪಾಧ್ಯಾಯಿನಿಯವರ ಪ್ರಶ್ನೆಗೂ ಉತ್ತರವಾಗಿದೆ.

ಮೊದಲು ಶ್ವಾಸಕೋಶದ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ಗಂಟಲಿನಿಂದ ಇಳಿಯುವ ಗಾಳಿಯ ನಾಳವು ಮರದ ಕೊಂಬೆಗಳಂತೆ ಮತ್ತೆ ಮತ್ತೆ ಕವಲೊಡೆದು ಕೊನೆಗೆ ಸಣ್ಣ ಗಾಳಿಚೀಲಗಳಲ್ಲಿ ಮುಗಿಯುವುದು. ಒಬ್ಬ ವಯಸ್ಕ ಮನುಷ್ಯನ ಎರಡು ಶ್ವಾಸಕೋಶಗಳಲ್ಲಿ ಇಂಥ ಚೀಲಗಳು ಸುಮಾರು ೪೮ ಕೋಟಿ ಇರುವುವು. ಒಂದೊಂದರ ಅಗಲವು ಮಿಲ್ಲಿಮೀಟರಿನ ಐದನೆಯ ಒಂದು ಪಾಲು ಮಾತ್ರ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಶಾಲೆಯ ಅತಿ ದೊಡ್ಡ ತರಗತಿಯ ನೆಲವನ್ನು ಮುಚ್ಚಿ ಇನ್ನೂ ಮಿಗುವುದು. ಗೋಡೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ. ನಡುವಿನ ಪೊರೆಯು ಬಹು ತೆಳುವಾಗಿರುವುದರಿಂದಲೇ ಆಮ್ಲಜನಕವು ಕ್ಷಣಮಾತ್ರದಲ್ಲಿ ರಕ್ತವನ್ನು ಸೇರುವುದು.

ನಾರುಗಟ್ಟುವ ರೋಗದಲ್ಲಿ, ಅಂದರೆ ವೈದ್ಯರು ಫೈಬ್ರೋಸಿಸ್ ಎಂದು ಕರೆಯುವ ವ್ಯಾಧಿಯಲ್ಲಿ, ಈ ತೆಳುವಾದ ಗೋಡೆಗಳು ದಪ್ಪವಾಗಿ ಗಡುಸಾಗುವುವು. ಎಳೆಯ ಹೀರೆಕಾಯಿಯನ್ನೂ ಬಳ್ಳಿಯಲ್ಲೇ ಬಲಿತು ಒಣಗಿದ ಹೀರೆಕಾಯಿಯನ್ನೂ ಕೊಯ್ದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲನೆಯದರ ಒಳಗು ಮೃದು. ಎರಡನೆಯದರಲ್ಲಿ ಉಳಿದಿರುವುದು ನಾರೇ. ನಮ್ಮ ಕೈಗೆ ಗಾಯವಾದಾಗ ಅದನ್ನು ಹೊಲಿಯಲು ದೇಹವು ಕೊಲ್ಯಾಜನ್ ಎಂಬ ನಾರನ್ನು ನೇಯುವುದು. ಗಾಯ ಮಾದ ಮೇಲೆ ನೇಯುವ ಕೆಲಸವು ನಿಲ್ಲುವುದು. ಈ ರೋಗದಲ್ಲಿಯಾದರೋ ನೇಯುವ ಜೀವಕೋಶಗಳಿಗೆ ನಿಲ್ಲಿರೆಂಬ ಆಜ್ಞೆಯು ತಲಪುವುದಿಲ್ಲ. ವೈದ್ಯರು ಬೆನ್ನಿಗೆ ಶ್ರವಣಯಂತ್ರವನ್ನಿಟ್ಟು ಆಲಿಸಿದರೆ, ಕಿವಿಯ ಬಳಿ ಕೂದಲನ್ನು ಬೆರಳುಗಳ ನಡುವೆ ಹೊಸಕಿದಂತೆ ಚರಚರನೆಯ ಸದ್ದು ಕೇಳಿಸುವುದು.

ಈ ವ್ಯಾಧಿಯಲ್ಲಿ ಹಲವು ಬಗೆಗಳುಂಟು. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳನ್ನು ಉಸಿರಾಡಿದ ಕೆಲಸಗಾರರಿಗೆ ಬರುತ್ತಿದ್ದ ಸಿಲಿಕೋಸಿಸ್ ಒಂದು ಬಗೆ. ಹಕ್ಕಿಗಳ ಹಿಕ್ಕೆ, ಗರಿಗಳ ಧೂಳು, ಬೂಷ್ಟು ಮೊದಲಾದವುಗಳಿಂದ ಶ್ವಾಸಕೋಶವು ಕೆರಳಿ ನಾರುಗಟ್ಟುವುದು ಇನ್ನೊಂದು ಬಗೆ. ಭಾರತದ ೧೯ ನಗರಗಳ ೧,೦೮೪ ರೋಗಿಗಳನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ವರದಿಯಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದ್ದುದು ಈ ಕೆರಳುವ ಬಗೆಯೇ. ಮೂರನೆಯದಕ್ಕೆ ಕಾರಣವು ತಿಳಿಯದು. ನಮ್ಮ ಉಪಾಧ್ಯಾಯಿನಿಯವರಿಗೆ ಬಂದದ್ದು ಅದೇ. ಚಿಕಿತ್ಸೆಯಿಲ್ಲದಿದ್ದರೆ ಆ ರೋಗವನ್ನು ಗುರುತಿಸಿದ ಮೂರರಿಂದ ಐದು ವರ್ಷಗಳಲ್ಲಿ ಅರ್ಧದಷ್ಟು ರೋಗಿಗಳು ತೀರಿಕೊಳ್ಳುವರು. ೨೦೧೪ರಲ್ಲಿ ಅಮೇರಿಕದಲ್ಲಿ ಪಿರ್‌ಫೆನಿಡೋನ್ ಮತ್ತು ನಿಂಟೆಡಾನಿಬ್ ಎಂಬ ಎರಡು ಔಷಧಗಳನ್ನು ಇದಕ್ಕಾಗಿ ಅಂಗೀಕರಿಸಿದರು. ೨೦೨೫ರಲ್ಲಿ ನೆರಾಂಡೊಮಿಲಾಸ್ಟ್ ಎಂಬ ಮೂರನೆಯದೂ ಅಂಗೀಕೃತವಾಯಿತು. ಇವು ರೋಗದ ನಡಿಗೆಯನ್ನು ನಿಧಾನಿಸುವುವು. ಆದರೆ ಕಟ್ಟಿದ ನಾರನ್ನು ಬಿಚ್ಚಿ ಮೃದುವಾದ ಶ್ವಾಸಕೋಶವನ್ನು ಮರಳಿ ಕೊಡುವ ಔಷಧವು ಇಂದಿಗೂ ಇಲ್ಲ.

ಇಷ್ಟು ವಿದ್ವಾಂಸರು ದುಡಿದರೂ ಔಷಧವು ಏಕೆ ದೊರೆಯಲಿಲ್ಲವೆಂದು ವಾಚಕರು ಕೇಳಬಹುದು. ಇದಕ್ಕೆ ಒಂದು ಮುಖ್ಯ ಕಾರಣವು ಇಲಿಯೆಂದರೆ ನಗಬಾರದು. ಬಹುಕಾಲದಿಂದ ಈ ರೋಗವನ್ನು ಇಲಿಗಳಲ್ಲಿ ಕಲಿಯುವ ಪದ್ಧತಿಯುಂಟು. ಕ್ಯಾನ್ಸರಿಗೆ ಕೊಡುವ ಬ್ಲಿಯೋಮೈಸಿನ್ ಎಂಬ ಔಷಧವನ್ನು ಇಲಿಯ ಶ್ವಾಸನಾಳಕ್ಕೆ ಹಾಕಿದರೆ ಎರಡು ಮೂರು ವಾರಗಳಲ್ಲಿ ಅದರ ಶ್ವಾಸಕೋಶವು ನಾರುಗಟ್ಟುವುದು. ಆದರೆ ಎಳೆಯ ಇಲಿಯಲ್ಲಿ ಕೆಲವು ವಾರಗಳು ಕಳೆದ ಮೇಲೆ ಆ ನಾರು ಬಹುಮಟ್ಟಿಗೆ ತಾನಾಗಿ ಕರಗಿಹೋಗುವುದು. ಮನುಷ್ಯನಲ್ಲಿ ಅದು ಕರಗುವುದಿಲ್ಲ; ವರ್ಷದಿಂದ ವರ್ಷಕ್ಕೆ ಹರಡುವುದು. ತಾನಾಗಿ ವಾಸಿಯಾಗುವ ಪ್ರಾಣಿಯಲ್ಲಿ ಗುಣ ತೋರಿದ ಅನೇಕ ಔಷಧಗಳು ಮನುಷ್ಯರಲ್ಲಿ ನಿಷ್ಫಲವಾದುದರಲ್ಲಿ ಆಶ್ಚರ್ಯವೇನು? ಆದುದರಿಂದ ಮನುಷ್ಯನ ರೋಗವನ್ನು ಮನುಷ್ಯನ ಶ್ವಾಸಕೋಶದಲ್ಲಿಯೇ ಕಲಿಯುವುದು ಅವಶ್ಯವಾಯಿತು.

ಹಾಗಾದರೆ ಆ ಶ್ವಾಸಕೋಶವು ಎಲ್ಲಿಂದ ಬರುವುದು? ಇಲ್ಲಿ ಆ ತಾಯಿಯವರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಅದೆಲ್ಲವೂ ಸತ್ತವರದ್ದಲ್ಲ. ರೋಗವು ಮಿತಿಮೀರಿದವರಿಗೆ ದಾನಿಯ ಶ್ವಾಸಕೋಶವನ್ನು ಕಸಿಮಾಡುವಾಗ ಹೊರಗೆ ತೆಗೆದ ಹಳೆಯ ಶ್ವಾಸಕೋಶವೇ ರೋಗಪೀಡಿತ ಅಂಗಾಂಶದ ದೊಡ್ಡ ಮೂಲ. ಅದನ್ನು ಕೊಟ್ಟವರು ಬದುಕಿರುವ ರೋಗಿಗಳು. ಹೋಲಿಸಿ ನೋಡಲು ಆರೋಗ್ಯವಾದ ಅಂಗಾಂಶವೂ ಬೇಕು. ಕ್ಯಾನ್ಸರಿನ ಗಡ್ಡೆಯನ್ನು ತೆಗೆಯುವಾಗ ಅದರ ಸುತ್ತಲಿನ ಒಳ್ಳೆಯ ಭಾಗವು ಸ್ವಲ್ಪ ಬರುವುದುಂಟು. ಮೃತರ ಕುಟುಂಬದವರು ದಾನವಾಗಿ ಕೊಟ್ಟರೂ ಯಾವುದೋ ಕಾರಣದಿಂದ ಕಸಿಗೆ ಒದಗದ ಶ್ವಾಸಕೋಶಗಳೂ ಉಂಟು. ಬೇರೊಬ್ಬರ ಎದೆಯಲ್ಲಿ ಉಸಿರಾಡಲಾರದ ಆ ದಾನವು ವ್ಯರ್ಥವಾಗದೆ ಹೀಗೆ ವಿದ್ಯೆಗೆ ಸಲ್ಲುವುದು.

ಆದರೆ ಇಂಥ ದಾನವು ಮುಂಚಿತವಾಗಿ ತಿಳಿಸಿ ಬರುವುದಿಲ್ಲ. ಶಸ್ತ್ರಚಿಕಿತ್ಸೆಯು ನಡುರಾತ್ರಿಯಲ್ಲಿ ನಡೆದರೆ ಅಂಗಾಂಶವು ಬೆಳಗಿನ ಜಾವದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವುದು. ಒಂದು ತಿಂಗಳಲ್ಲಿ ಮೂರು ಬರಬಹುದು, ಮುಂದಿನ ಎರಡು ತಿಂಗಳಲ್ಲಿ ಒಂದೂ ಬಾರದಿರಬಹುದು. ಬಂದೊಡನೆ ಕೆಲಸಕ್ಕೆ ತೊಡಗದಿದ್ದರೆ ಅದರ ಜೀವಕೋಶಗಳು ಸಾಯುವುವು. ನಮ್ಮ ಪೂರ್ವವಿದ್ಯಾರ್ಥಿನಿಯವರು ಕ್ರಿಸ್ಮಸ್ ದಿನದ ಊಟವನ್ನು ಬಿಟ್ಟೆದ್ದು ಪ್ರಯೋಗಶಾಲೆಗೆ ಹೋದುದುಂಟಂತೆ.

ಬಂದ ಶ್ವಾಸಕೋಶವನ್ನು ಕೊಯ್ಯುವ ಕ್ರಮವನ್ನು ಗೃಹವಿಜ್ಞಾನ ಕಲಿತ ನಮ್ಮ ಹುಡುಗಿಯರು ಸುಲಭವಾಗಿ ಗ್ರಹಿಸಿದರು. ಶ್ವಾಸಕೋಶವು ಗಾಳಿ ತುಂಬಿದ ಸ್ಪಂಜಿನಂತಿರುವುದರಿಂದ ಅದನ್ನು ಹಾಗೆಯೇ ತೆಳ್ಳಗೆ ಕೊಯ್ಯಲಾಗದು. ಅಲಗು ಒತ್ತಿದಲ್ಲಿ ಕುಗ್ಗಿಬಿಡುವುದು. ಆದುದರಿಂದ ಮೊದಲು ಅದರ ಗಾಳಿಯ ನಾಳದೊಳಗೆ ಅಗರೋಸ್ ಎಂಬ ದ್ರವವನ್ನು ದೇಹದ ಬಿಸಿಯಷ್ಟೇ ಬೆಚ್ಚಗಿರುವಾಗ ತುಂಬುವರು. ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಯಾವ ಕಡಲಪಾಚಿಯಿಂದ ಬರುವುದೋ ಆ ಜಾತಿಯ ಪಾಚಿಯಿಂದಲೇ ಇದನ್ನೂ ತೆಗೆಯುವರು. ತಂಪಾದೊಡನೆ ಅದು ಗಟ್ಟಿಯಾಗಿ ಗಾಳಿಚೀಲಗಳನ್ನು ಉಬ್ಬಿದ ಆಕಾರದಲ್ಲಿಯೇ ಹಿಡಿದಿಡುವುದು. ಬಳಿಕ ಅದರಿಂದ ಸಣ್ಣ ಉರುಳೆಗಳನ್ನು ಕತ್ತರಿಸಿ, ಸೂಕ್ಷ್ಮವಾಗಿ ಅದುರುವ ಅಲಗಿನ ಯಂತ್ರದಿಂದ ಬಿಲ್ಲೆಗಳನ್ನಾಗಿ ಕೊಯ್ಯುವರು. ಒಂದು ಬಿಲ್ಲೆಯ ದಪ್ಪವು ಮಿಲ್ಲಿಮೀಟರಿನ ಅರ್ಧ, ಇಲ್ಲವೆ ಅದಕ್ಕೂ ಕಡಿಮೆ. ಇಂಥ ಕೊಯ್ಯುವ ಯಂತ್ರವೊಂದನ್ನು ೧೯೮೦ರಲ್ಲಿ ಕಾರ್ಲೋಸ್ ಕ್ರಮ್‌ಡಿಯೆಕ್ ಎಂಬವರೂ ಅವರ ಸಂಗಡಿಗರೂ ಪ್ರಸಿದ್ಧಪಡಿಸಿದರು.

ಹೀಗೆ ಕೊಯ್ದ ಬಿಲ್ಲೆಯಲ್ಲಿ ಗಾಳಿಚೀಲ, ಸಣ್ಣ ಗಾಳಿನಾಳ, ರಕ್ತನಾಳ, ನಾರು ನೇಯುವ ಜೀವಕೋಶ, ಕಸವನ್ನು ನುಂಗುವ ಜೀವಕೋಶ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿಯೇ ಇರುವುವು. ಪೋಷಕದ್ರವದಲ್ಲಿ ೩೭ ಡಿಗ್ರಿ ಸೆಲ್ಷಿಯಸ್ ಉಷ್ಣದಲ್ಲಿಟ್ಟರೆ ಅವು ಬದುಕಿರುವುವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿನಾಳದ ಒಳಗಿನ ಸೂಕ್ಷ್ಮ ರೋಮಗಳು ಗಾಳಿಗೆ ಬತ್ತದ ಪೈರು ತೂಗಿದಂತೆ ಬಡಿಯುವುದು ಕಾಣುವುದು. ಔಷಧದ ಹನಿಯನ್ನು ಹಾಕಿದರೆ ನಾಳವು ಸಂಕುಚಿಸುವುದು. ಆರೋಗ್ಯವಾದ ಬಿಲ್ಲೆಗೆ ನಾರುಗಟ್ಟಿಸುವ ರಾಸಾಯನಿಕಗಳನ್ನು ಕೊಟ್ಟು ರೋಗದ ಮೊದಲ ಹೆಜ್ಜೆಗಳನ್ನು ನೋಡಬಹುದು. ರೋಗಪೀಡಿತ ಬಿಲ್ಲೆಗೆ ಹೊಸ ಔಷಧವನ್ನು ಕೊಟ್ಟು ನೇಯುವ ಕೆಲಸವು ನಿಂತಿತೇ ಎಂದು ಪರೀಕ್ಷಿಸಬಹುದು. ಒಂದು ಶ್ವಾಸಕೋಶದ ಭಾಗದಿಂದ ನೂರಾರು ಬಿಲ್ಲೆಗಳು ದೊರೆಯುವುವು. ಆದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅವು ಕ್ಷೀಣಿಸುವುವು. ಅಷ್ಟರೊಳಗೆ ನೂರಾರು ಬಿಲ್ಲೆಗಳನ್ನೂ ಉಪಯೋಗಿಸಲು ಯಾರಿಂದಲೂ ಆಗದು. ಉಳಿದವು ಕೆಡುತ್ತಿದ್ದುವು. ಒಬ್ಬರು ನಂಬಿ ಕೊಟ್ಟ ದಾನವು ಹೀಗೆ ಕಸದ ಪಾಲಾಗುವುದನ್ನು ತಪ್ಪಿಸುವುದು ಹೇಗೆ? ಇಲ್ಲಿಯೇ ಶೈತ್ಯದ ವಿದ್ಯೆಯು ಸಹಾಯಕ್ಕೆ ಬರುವುದು.

ಶೈತ್ಯವು ವಸ್ತುಗಳನ್ನು ಕೆಡದಂತೆ ಇಡುವುದೆಂಬುದು ಎಲ್ಲರೂ ಬಲ್ಲ ಮಾತು. ಕೆಡದಂತಿಡುವುದು ಬೇರೆ, ಜೀವಸಹಿತ ಇಡುವುದು ಬೇರೆ. ಒಂದು ಟೊಮೇಟೊ ಹಣ್ಣನ್ನು ಫ್ರಿಜ್ಜಿನ ಮೇಲಿನ ಅರೆಯಲ್ಲಿ ಗಟ್ಟಿಯಾಗಿಸಿ ಹೊರಗೆ ತೆಗೆದಿಟ್ಟರೆ ಅದು ನೀರು ಬಿಟ್ಟುಕೊಂಡು ಜೋಲುವುದು. ಕಾರಣವೇನೆಂದರೆ, ಜೀವಕೋಶದೊಳಗಿನ ನೀರು ಮಂಜಿನ ಹರಳಾಗಿ ಬೆಳೆದು ಅದರ ಪೊರೆಯನ್ನು ಹರಿದುಬಿಟ್ಟಿರುವುದು. ಹಾಗಾದರೆ ನಿಧಾನವಾಗಿ ತಂಪುಮಾಡಿದರೆ ಹೇಗೆ? ಆಗ ಮೊದಲು ಜೀವಕೋಶದ ಹೊರಗಿನ ನೀರು ಮಂಜಾಗುವುದು. ಉಳಿದ ದ್ರವದಲ್ಲಿ ಉಪ್ಪಿನ ಅಂಶವು ಹೆಚ್ಚುತ್ತ ಹೋಗಿ, ಉಪ್ಪಿನಕಾಯಿಯ ಭರಣಿಯಲ್ಲಿ ಮಾವಿನ ಹೋಳು ನೀರು ಬಿಟ್ಟು ಸುಕ್ಕುವಂತೆ ಜೀವಕೋಶವು ಒಳಗಿನ ನೀರನ್ನು ಕಳೆದುಕೊಂಡು ಸುಕ್ಕುವುದು. ಬಹಳ ಬೇಗ ತಂಪಾದರೆ ಹರಳು ಕೊಲ್ಲುವುದು. ಬಹಳ ನಿಧಾನವಾದರೆ ಉಪ್ಪು ಕೊಲ್ಲುವುದು. ಪೀಟರ್ ಮೇಜರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ೧೯೭೨ರಲ್ಲಿ ಈ ಎರಡು ಅಪಾಯಗಳ ಸೂತ್ರವನ್ನು ಸ್ಪಷ್ಟವಾಗಿ ನಿರೂಪಿಸಿದರು.

ಈ ಎರಡು ಅಪಾಯಗಳ ನಡುವೆ ದಾರಿ ತೋರಿಸಿದುದು ಅದಕ್ಕೂ ಮುಂಚೆ ನಡೆದ ಒಂದು ಆಕಸ್ಮಿಕ ಸಂಗತಿ. ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಔಡ್ರಿ ಸ್ಮಿತ್ ಎಂಬ ಮಹಿಳೆ ಮತ್ತು ಆಲನ್ ಪಾರ್ಕ್ಸ್ ಎಂಬವರು ಕೋಳಿಯ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿ ಉಳಿಸಲು ಯತ್ನಿಸುತ್ತಿದ್ದರು. ಸಕ್ಕರೆಯ ದ್ರಾವಣವೆಂದು ತಿಳಿದು ಬಳಸಿದ ಸೀಸೆಯೊಂದು ಅದ್ಭುತವಾದ ಫಲವನ್ನು ಕೊಟ್ಟಿತು. ಅದೇ ಸಕ್ಕರೆಯನ್ನು ಹೊಸದಾಗಿ ಕರಗಿಸಿ ನೋಡಿದರೆ ಫಲವಿಲ್ಲ. ಸೀಸೆಯಲ್ಲಿ ಉಳಿದಿದ್ದುದನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆಯೇ ಇರದೆ ಗ್ಲಿಸರಿನ್ ಇತ್ತೆಂದು ತಿಳಿಯಿತು. ೧೯೪೯ರಲ್ಲಿ ಅವರು ಇದನ್ನು ಪ್ರಕಟಿಸಿದರು. ತಪ್ಪಾದ ಫಲವನ್ನು ಅಳಿಸಿಹಾಕದೆ ಅದರ ಕಾರಣವನ್ನು ಹುಡುಕಿದವರಿಗೆ ಸತ್ಯವು ದೊರೆಯಿತೆಂಬುದನ್ನು ನಾವು ಪ್ರಯೋಗಶಾಲೆಯ ಪಾಠದಲ್ಲಿ ಹುಡುಗಿಯರಿಗೆ ಹೇಳುತ್ತಿರುವೆವು. ೧೯೫೯ರಲ್ಲಿ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್ ಎಂಬವರು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ಇನ್ನೊಂದು ದ್ರವಕ್ಕೂ ಇಂಥ ರಕ್ಷಣೆಯ ಗುಣವುಂಟೆಂದು ತೋರಿಸಿದರು. ಈ ದ್ರವಗಳು ಜೀವಕೋಶದೊಳಗೆ ಇಳಿದು, ನೀರಿನೊಡನೆ ಬೆರೆತು, ಹರಳು ಬೆಳೆಯದಂತೆ ಅಡ್ಡಿಮಾಡುವುವು. ಉಪ್ಪಿನ ಉಗ್ರತೆಯನ್ನೂ ತಗ್ಗಿಸುವುವು.

ಬಿಡಿ ಜೀವಕೋಶಗಳಿಗೆ ಸಾಧ್ಯವಾದುದು ಅಂಗಾಂಶಕ್ಕೆ ಅಷ್ಟು ಸುಲಭವಲ್ಲ. ದಪ್ಪವಾದ ತುಂಡಿನ ಹೊರಭಾಗವು ಬೇಗ ತಂಪಾಗುವುದು, ನಡುಭಾಗವು ತಡವಾಗಿ. ರಕ್ಷಕದ್ರವವೂ ಒಳಗೆ ಇಳಿಯಲು ತಡೆಯುವುದು. ಇಡೀ ಮಾನವ ಶ್ವಾಸಕೋಶವನ್ನು ಹೆಪ್ಪುಗಟ್ಟಿಸಿ ಮರಳಿ ಜೀವಂತವಾಗಿ ಪಡೆಯುವುದು ಇಂದಿಗೂ ಸಾಧ್ಯವಾಗಿಲ್ಲ. ಆದರೆ ಅರ್ಧ ಮಿಲ್ಲಿಮೀಟರಿನ ಬಿಲ್ಲೆಯಲ್ಲಿ ಈ ತೊಡಕು ಬಹಳ ಕಡಿಮೆ. ತೆಳ್ಳಗೆ ಕೊಯ್ಯುವ ವಿದ್ಯೆಯೂ ಹೆಪ್ಪುಗಟ್ಟಿಸುವ ವಿದ್ಯೆಯೂ ಹೀಗೆ ಒಂದಕ್ಕೊಂದು ಒದಗಿದುವು.

ಕ್ರಮವು ಇಂತಿದೆ. ನೂರಕ್ಕೆ ಹತ್ತು ಪಾಲು ಡೈಮೀಥೈಲ್ ಸಲ್ಫಾಕ್ಸೈಡ್ ಬೆರೆಸಿದ ತಣ್ಣನೆಯ ಪೋಷಕದ್ರವದಲ್ಲಿ ಬಿಲ್ಲೆಗಳನ್ನು ಮುಳುಗಿಸಿ ಸಣ್ಣ ನಳಿಕೆಗಳಲ್ಲಿ ಮುಚ್ಚುವರು. ಅವನ್ನು ಮದ್ಯಸಾರ ತುಂಬಿದ ಒಂದು ಪಾತ್ರೆಯಲ್ಲಿ ನಿಲ್ಲಿಸಿ, ಸೊನ್ನೆಗಿಂತ ೮೦ ಡಿಗ್ರಿ ಕೆಳಗಿನ ಶೈತ್ಯಪೆಟ್ಟಿಗೆಯಲ್ಲಿಡುವರು. ಮದ್ಯಸಾರದ ದೆಸೆಯಿಂದ ಬಿಲ್ಲೆಗಳು ಧಿಡೀರನೆ ತಂಪಾಗದೆ ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಇಳಿಯುವುವು. ಮರುದಿನ ಅವನ್ನು ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕದ ತೊಟ್ಟಿಗೆ ಸಾಗಿಸುವರು. ಅಷ್ಟು ಶೈತ್ಯದಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳೆಲ್ಲವೂ ನಿಂತಂತೆಯೇ. ಬದುಕೂ ನಡೆಯದು, ಕೊಳೆಯುವಿಕೆಯೂ ನಡೆಯದು. ತಿಂಗಳುಗಳ ಮೇಲೆ ಬೇಕಾದಾಗ ನಳಿಕೆಯನ್ನು ೩೭ ಡಿಗ್ರಿಯ ನೀರಿನಲ್ಲಿ ಬೇಗನೆ ಕರಗಿಸುವರು. ಇಳಿಸುವಾಗ ನಿಧಾನ, ಏರಿಸುವಾಗ ತ್ವರೆ ಎಂಬುದು ನಿಯಮ. ಏಕೆಂದರೆ ನಿಧಾನವಾಗಿ ಕರಗಿದರೆ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡವಾಗುವುವು. ರಕ್ಷಕದ್ರವವು ಬೆಚ್ಚಗಾದಾಗ ತಾನೇ ವಿಷವಾಗುವುದರಿಂದ ಅದನ್ನು ಕೂಡಲೇ ತೊಳೆದುಹಾಕುವರು.

೨೦೧೬ರಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವಿಜ್ಞಾನಿಗಳು ಮನುಷ್ಯರ ಶ್ವಾಸಕೋಶದ ಬಿಲ್ಲೆಗಳನ್ನು ಹೀಗೆ ಹೆಪ್ಪುಗಟ್ಟಿಸಿ ಕರಗಿಸಿದಾಗ ಅವು ಬದುಕಿದ್ದುವೆಂದೂ, ಔಷಧ ಹಾಕಿದೊಡನೆ ಅವುಗಳ ಗಾಳಿನಾಳಗಳು ಸಂಕುಚಿಸಿದುವೆಂದೂ ಪ್ರಕಟಿಸಿದರು. ಇದರ ಪ್ರಯೋಜನವನ್ನು ಯೋಚಿಸಿ ನೋಡಿರಿ. ಬೇರೆ ಬೇರೆ ತಿಂಗಳಲ್ಲಿ ದೊರೆತ ಹತ್ತು ಜನರ ಬಿಲ್ಲೆಗಳನ್ನು ಒಂದೇ ದಿನ ಪಕ್ಕಪಕ್ಕದಲ್ಲಿಟ್ಟು ಒಂದೇ ಔಷಧವನ್ನು ಪರೀಕ್ಷಿಸಬಹುದು. ಅಂಗಾಂಶವು ದೊರೆಯದ ದೂರದ ಊರಿಗೂ ಅವನ್ನು ಕಳುಹಿಸಬಹುದು. ಒಬ್ಬರು ಕಂಡ ಫಲವು ನಿಜವೇ ಎಂದು ಇನ್ನೊಬ್ಬರು ಅದೇ ಶ್ವಾಸಕೋಶದ ಉಳಿದ ಬಿಲ್ಲೆಯಿಂದ ಪರೀಕ್ಷಿಸಬಹುದು. ಇಂದು ಯಾರಿಗೂ ಹೊಳೆಯದ ಪ್ರಶ್ನೆಯನ್ನು ಮುಂದಿನ ವರ್ಷ ಒಬ್ಬರು ಕೇಳಿದಾಗ, ಉತ್ತರ ಕೊಡಲು ಆ ತುಣುಕು ಕಾದಿರುವುದು.

ಜೀವವನ್ನು ಉಳಿಸುವ ಈ ಕ್ರಮವಲ್ಲದೆ ಇನ್ನೊಂದು ಬಗೆಯ ಹೆಪ್ಪುಗಟ್ಟಿಸುವಿಕೆಯೂ ಉಂಟು. ಅದರಲ್ಲಿ ಅಂಗಾಂಶದ ಚೂರನ್ನು ಥಟ್ಟನೆ ಅತಿಶೈತ್ಯಕ್ಕೆ ಗುರಿಮಾಡುವರು. ಜೀವಕೋಶಗಳು ಸಾಯುವುವು, ಆದರೆ ಆ ಕ್ಷಣದಲ್ಲಿ ಅವುಗಳೊಳಗೆ ಯಾವ ಯಾವ ಕೆಲಸವು ನಡೆಯುತ್ತಿತ್ತೆಂಬುದರ ಲೆಕ್ಕವು, ಹಾಜರಿಪುಸ್ತಕದ ಒಂದು ದಿನದ ಪುಟದಂತೆ, ಅಳಿಯದೆ ಉಳಿಯುವುದು. ಒಂದೊಂದು ಜೀವಕೋಶದ ಲೆಕ್ಕವನ್ನೂ ಬೇರೆ ಬೇರೆಯಾಗಿ ಓದುವ ವಿದ್ಯೆಯು ಈಗ ಬಂದಿದೆ. ದಾನವಾಗಿ ಬಂದ ಶ್ವಾಸಕೋಶಗಳ ಜೀವಕೋಶಗಳನ್ನು ಹೀಗೆ ಓದಿದ ಅಮೇರಿಕದ ಎರಡು ತಂಡಗಳು ೨೦೨೦ರಲ್ಲಿ, ನಾರುಗಟ್ಟಿದ ಶ್ವಾಸಕೋಶದಲ್ಲಿ ಅದುವರೆಗೆ ಯಾರೂ ಬಣ್ಣಿಸದಿದ್ದ ಒಂದು ವಿಚಿತ್ರ ಜಾತಿಯ ಜೀವಕೋಶವನ್ನು ಕಂಡುಹಿಡಿದುವು. ರೋಗದ ಬೇರನ್ನು ಹುಡುಕುವವರಿಗೆ ಅದು ಒಂದು ಹೊಸ ಸುಳಿವು.

ಇಷ್ಟರಿಂದ ಎಲ್ಲವೂ ಕೈಗೂಡಿತೆಂದು ವಾಚಕರು ಭಾವಿಸಬಾರದು. ಕರಗಿಸಿದ ಬಿಲ್ಲೆಯಲ್ಲಿ ಎಲ್ಲ ಜೀವಕೋಶಗಳೂ ಉಳಿಯುವುದಿಲ್ಲ; ಒಂದು ಜಾತಿಗೆ ಹಿತವಾದ ವೇಗವು ಇನ್ನೊಂದಕ್ಕೆ ಅಹಿತವಾಗಬಹುದು. ಹೆಪ್ಪುಗಟ್ಟಿ ಕರಗಿದ ಆಯಾಸವೇ ಜೀವಕೋಶದ ನಡತೆಯನ್ನು ಸ್ವಲ್ಪ ಬದಲಿಸಬಹುದಾದುದರಿಂದ ತಾಜಾ ಬಿಲ್ಲೆಯೊಡನೆ ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಲಾಗದು. ಬಿಲ್ಲೆಯಲ್ಲಿ ರಕ್ತವು ಹರಿಯುವುದಿಲ್ಲ. ವರ್ಷಗಟ್ಟಲೆ ಬೆಳೆಯುವ ರೋಗವನ್ನು ಕೆಲವು ದಿನಗಳ ತುಣುಕಿನಲ್ಲಿ ಪೂರ್ಣವಾಗಿ ಕಾಣುವುದೂ ಸಾಧ್ಯವಿಲ್ಲ. ಬಿಲ್ಲೆಯಲ್ಲಿ ಗುಣ ತೋರಿದ ಔಷಧವು ಮನುಷ್ಯರಲ್ಲಿ ಕಟ್ಟುನಿಟ್ಟಾದ ಪರೀಕ್ಷೆಗಳನ್ನು ದಾಟಿಯೇ ಬರಬೇಕು. ಆದರೂ ಇಲಿಯಿಂದ ನೇರವಾಗಿ ಮನುಷ್ಯನ ಕಡೆಗೆ ನೆಗೆಯುವುದಕ್ಕಿಂತ ನಡುವೆ ಇಂಥದೊಂದು ಮೆಟ್ಟಿಲಿರುವುದು ಕ್ಷೇಮವಲ್ಲವೇ?

ಈಗ ಆ ತಾಯಿಯವರ ಪ್ರಶ್ನೆಗೆ ಬರುವೆವು. ಇದು ಸರಿಯಾದ ಕೆಲಸವೇ? ನಮ್ಮ ಅಭಿಪ್ರಾಯದಲ್ಲಿ ಆ ಪ್ರಶ್ನೆಯ ಉತ್ತರವು ಶೈತ್ಯಪೆಟ್ಟಿಗೆಯಲ್ಲಿಲ್ಲ. ಆ ತುಣುಕು ಹೇಗೆ ಬಂತೆಂಬುದರಲ್ಲಿದೆ. ೧೯೫೧ರಲ್ಲಿ ಅಮೇರಿಕದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪುವರ್ಣದ ಮಹಿಳೆಯು ಕ್ಯಾನ್ಸರಿನಿಂದ ತನ್ನ ೩೧ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಗಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಅವುಗಳಿಂದ ಲೋಕಕ್ಕೆ ಅಪಾರ ಉಪಕಾರವಾಗಿದೆ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಮಕ್ಕಳಿಗೆ ಎರಡು ದಶಕಗಳ ಕಾಲ ಆ ವಿಷಯವೇ ತಿಳಿದಿರಲಿಲ್ಲ. ಉಪಕಾರವು ಎಷ್ಟೇ ದೊಡ್ಡದಾದರೂ ಕೇಳದೆ ತೆಗೆದುಕೊಂಡುದು ದಾನವಾಗದು.

ಈಗಿನ ನಿಯಮವು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೧೭ರಲ್ಲಿ ಹೊರಡಿಸಿದ ನೀತಿಸೂತ್ರಗಳ ಪ್ರಕಾರ ಸಂಶೋಧನೆಗೆ ಅಂಗಾಂಶವನ್ನು ಶೇಖರಿಸುವವರು ಉದ್ದೇಶವನ್ನು ತಿಳಿಯುವಂತೆ ವಿವರಿಸಿ ಒಪ್ಪಿಗೆ ಪಡೆಯಬೇಕು. ನೀತಿಸಮಿತಿಯ ಅನುಮತಿ ಬೇಕು. ಕೊಟ್ಟವರ ಗುರುತನ್ನು ಕಾಪಾಡಬೇಕು. ಒಲ್ಲೆನೆಂದವರ ಚಿಕಿತ್ಸೆಗೆ ಯಾವ ಕೊರತೆಯೂ ಆಗಕೂಡದು. ಅಂಗಗಳ ಕ್ರಯವಿಕ್ರಯವನ್ನು ನಮ್ಮ ದೇಶದ ೧೯೯೪ರ ಕಾನೂನು ಅಪರಾಧವೆಂದು ವಿಧಿಸಿದೆ. ಇಂಥ ಭಂಡಾರವು ನಮ್ಮ ನಾಡಿಗೆ ಹೊಸದೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಮಾನವರ ಮೆದುಳಿನ ಅಂಗಾಂಶದ ಭಂಡಾರವಿದೆ. ದುಃಖದ ಗಳಿಗೆಯಲ್ಲಿಯೂ ಹೂಂ ಎಂದ ಕುಟುಂಬಗಳ ಉದಾರತೆಯಿಂದ ಅದು ನಡೆದುಬಂದಿದೆ.

ನಮ್ಮ ಪೂರ್ವವಿದ್ಯಾರ್ಥಿನಿಯವರು ಹೇಳಿದ ಒಂದು ಸಂಗತಿಯನ್ನು ಇಲ್ಲಿ ಬರೆಯದಿರಲಾರೆವು. ನಳಿಕೆಗಳ ಮೇಲೆ ಹೆಸರಿರದು, ಅಂಕಿ ಮಾತ್ರ ಇರುವುದು. ಆದರೂ ಹೊಸಬರು ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಒಂದು ನಳಿಕೆಯನ್ನು ಕೊಟ್ಟು, ಇದು ಒಬ್ಬರು ಉಸಿರಾಡಿದ ಎದೆಯ ಭಾಗ, ಇದನ್ನು ಬೀಳಿಸಿದರೆ ಮತ್ತೊಂದು ಸಿಗದು ಎಂದು ಹೇಳುವರಂತೆ. ಇಂಥ ಭಾವನೆಯಿಂದ ಮಾಡುವ ಕೆಲಸವು ಮೃತರಿಗೆ ಅಗೌರವವೆಂದು ನಮಗೆ ತೋರದು. ಆ ತಾಯಿಯವರ ಮಗಳು ಮನಸ್ಸಿಟ್ಟು ಕಲಿಯಲಿ ಎಂದೇ ನಾವು ಹೇಳುವೆವು.

ಮುಗಿಸುವ ಮೊದಲು ಮನೆಗೆ ಉಪಯೋಗವಾಗುವ ಎರಡು ಮಾತುಗಳು. ಬಿಸಿಲುನಾಡಿನಲ್ಲಿರುವವರು ನೀರಿನ ಏರ್‌ಕೂಲರುಗಳನ್ನು ಬೂಷ್ಟು ಕಟ್ಟದಂತೆ ಶುಚಿಮಾಡಿಕೊಳ್ಳಬೇಕು. ಮಹಡಿಯ ಮೇಲೆಯೂ ಕಿಟಕಿಯ ಅಂಚಿನಲ್ಲಿಯೂ ಪಾರಿವಾಳಗಳು ಗೂಡುಕಟ್ಟಲು ಬಿಡಬಾರದು. ಧೂಳಿನ ಕೆಲಸ ಮಾಡುವವರು ಮೂಗು ಬಾಯಿಗಳನ್ನು ತಕ್ಕ ಮುಸುಕಿನಿಂದ ರಕ್ಷಿಸಿಕೊಳ್ಳಬೇಕು. ಇನ್ನು, ಮನೆಯ ಹಿರಿಯರು ಮೆಟ್ಟಿಲಿನ ನಡುವೆ ನಿಂತು ಉಸಿರು ತಿರುಗಿಸಿಕೊಳ್ಳತೊಡಗಿದರೆ, ಒಣಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ವಯಸ್ಸಿನ ಮೇಲೆ ಭಾರ ಹಾಕಿ ಸುಮ್ಮನಿರಬೇಡಿರಿ. ನಾವು ಹಾಗೆ ಸುಮ್ಮನಿದ್ದೆವು. ರೋಗವನ್ನು ನಿಧಾನಿಸುವ ಔಷಧಗಳಿಗೆ ಬೇಗ ಗುರುತಿಸಿದಷ್ಟೂ ಅವಕಾಶ ಹೆಚ್ಚು.

ಹೊಲಿಗೆಯ ಕೋಣೆಯಲ್ಲಿ ನಮ್ಮ ಉಪಾಧ್ಯಾಯಿನಿಯವರು ಚಿಂದಿ ಬಟ್ಟೆಯ ತುಣುಕುಗಳನ್ನು ಎಸೆಯಗೊಡುತ್ತಿರಲಿಲ್ಲ. ಒಂದು ತಗಡಿನ ಡಬ್ಬಿಯಲ್ಲಿ ಬಣ್ಣಬಣ್ಣವಾಗಿ ವಿಂಗಡಿಸಿ ಇಡಿಸುತ್ತಿದ್ದರು. ಯಾರದೋ ರವಿಕೆಗೆ ತೇಪೆ ಬೇಕಾದಾಗ ಅದರಿಂದ ತೆಗೆದುಕೊಡುತ್ತಿದ್ದರು. ಆ ಡಬ್ಬಿಯು ಇಂದಿಗೂ ಕಪಾಟಿನಲ್ಲಿದೆ. ಅವರು ಕೇಳಿದ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಕಲಿಯುತ್ತಿದ್ದಾರೆ ಎಂಬುದೇ ಉತ್ತರ. ಕಲಿಯುತ್ತಿರುವವರಲ್ಲಿ ಒಬ್ಬರು ಅವರ ಕೈಯಿಂದಲೇ ಸೂಜಿ ಹಿಡಿಯಲು ಕಲಿತ ಹುಡುಗಿ.